ದಿವೇ ಘಾಟಿನ ಏಕಾದಶಿ

ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಪತ್ರ ಬರೆದಾಗ, ಶಾಲೆಯ ದಿನಗಳ ಸವಿನೆನಪುಗಳನ್ನೇ ಬರೆಯಬೇಕೆಂದು ಕುಳಿತೆನು. ಆದರೆ ಆ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ 2023ನೆಯ ಇಸವಿಯ ಜೂನ್ 14ರಂದು, ಜ್ಯೇಷ್ಠ ಬಹುಳ ಏಕಾದಶಿಯ ದಿನ, ಪುಣೆಯಿಂದ ಸಾಸವಡದವರೆಗೆ ನಾನು ನಡೆದ ಒಂದು ದಿನದ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ. ಅದರಲ್ಲಿ ನನ್ನ ಹಿರಿಮೆಯೇನೂ ಇಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುವುದು ಲೇಸು.

ನಮ್ಮ ಊರು ಚಿಕ್ಕೋಡಿ ತಾಲೂಕಿನ ಅಂಕಲಿಯ ಆಸುಪಾಸಿನಲ್ಲಿ, ಕೃಷ್ಣಾ ನದಿಯ ದಂಡೆಗೆ ಇರುವ ಒಂದು ಸಣ್ಣ ಹಳ್ಳಿ. ನಮ್ಮದು ಪಂಢರಪುರಕ್ಕೆ ನಡೆದುಕೊಂಡು ಹೋಗುವ ವಾರಕರಿಗಳ ಮನೆ. ತಂದೆಯವರು ಮೈಯಲ್ಲಿ ಶಕ್ತಿಯಿರುವವರೆಗೆ ನಡೆದರು. ಅವರ ತರುವಾಯ ಅವರ ತಮ್ಮ, ನನ್ನ ಕಾಕಾ, ಆ ವ್ರತವನ್ನು ಕೈಗೆತ್ತಿಕೊಂಡು ಮೂವತ್ತಕ್ಕೂ ಮಿಕ್ಕಿ ಸಲ ಆಳಂದಿಯಿಂದ ಪಂಢರಪುರದವರೆಗೆ ನಡೆದಿದ್ದಾರೆ. 2020 ಮತ್ತು 2021ರಲ್ಲಿ ಮಹಾಮಾರಿಯ ಕಾರಣದಿಂದ ಪಾದುಕೆಗಳನ್ನು ಬಸ್ಸಿನಲ್ಲಿ ಒಯ್ದಾಗ, ಆ ಎರಡು ವರ್ಷ ಅವರು ಆಷಾಢದಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲವೆಂದು ಕಾಕು ಹೇಳುತ್ತಿದ್ದರು. 2023ರಲ್ಲಿ ಅವರಿಗೆ ಎಪ್ಪತ್ತೈದು ವರ್ಷ. ಜೊತೆಗೆ ಸಕ್ಕರೆ ಕಾಯಿಲೆ. ಪ್ರತಿ ವರ್ಷ ಜೊತೆಗೆ ಹೋಗುತ್ತಿದ್ದ ಅವರ ಮಗನಿಗೆ ಆ ಸಲ ಬಿಡುವಾಗಲಿಲ್ಲ. ಆಗ ಕಾಕು ನನ್ನನ್ನು ಕರೆಸಿ, “ನೀ ಹೆಂಗೂ ರಿಟಾಯರ್ ಆಗೀದಿ. ಇವರನ್ನ ನೋಡ್ಕೊಂಡು ಕರಕೊಂಡು ಬಾ” ಎಂದರು. ಗುಳಿಗೆಗಳ ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿ, ಪ್ರವಾಸಕ್ಕೆ ಕರೆದೊಯ್ದ ನೂರಾರು ಮಕ್ಕಳಲ್ಲಿ ಒಬ್ಬರನ್ನೂ ಕಳೆಯದೆ ಮರಳಿ ತಂದವನು ನಾನು. ಒಬ್ಬ ಮುದುಕರನ್ನು ನೋಡಿಕೊಳ್ಳುವುದು ಯಾವ ದೊಡ್ಡ ಕೆಲಸವೆಂದು ಒಪ್ಪಿಕೊಂಡೆನು.

ಓದುಗರಲ್ಲಿ ಈ ದಾರಿಯ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಪುಣೆಯ ಹತ್ತಿರದ ಆಳಂದಿಯಲ್ಲಿ ಜ್ಞಾನೇಶ್ವರರ ಸಮಾಧಿಯಿದೆ. ದೇಹೂ ತುಕಾರಾಮರ ಊರು. ತುಕಾರಾಮರ ಮಗನಾದ ನಾರಾಯಣ ಮಹಾರಾಜರು 1685ರಲ್ಲಿ ಪಾದುಕೆಗಳನ್ನು ಪಾಲಕಿಯಲ್ಲಿಟ್ಟು ಪಂಢರಪುರಕ್ಕೆ ಒಯ್ಯುವ ಪದ್ಧತಿಯನ್ನು ಆರಂಭಿಸಿದರು. ಮುಂದೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸಾತಾರಾ ಸೀಮೆಯ ಹೈಬತಬಾಬಾ ಆರಫಳಕರರು ಜ್ಞಾನೇಶ್ವರರ ಪಾಲಕಿಯನ್ನು ಬೇರೆಯಾಗಿ ಹೊರಡಿಸಿ, ಅದಕ್ಕೆ ಈಗ ಕಾಣುವ ಶಿಸ್ತನ್ನು ತಂದರು. ಮೊದಲು ಸಿಂದೆಯವರ ಆಸ್ಥಾನದಲ್ಲಿ ಸರದಾರರಾಗಿದ್ದ ಅವರು ದಂಡಿನ ಕ್ರಮವನ್ನು ಬಲ್ಲವರು. ಅವರಿಗೆ ಕುದುರೆ, ಡೇರೆ ಮೊದಲಾದ ಪರಿಕರಗಳನ್ನು ಒದಗಿಸಿದವರು ನಮ್ಮ ಅಂಕಲಿಯ ಶಿತೋಳೆ ಸರದಾರರು. ಇಂದಿಗೂ ಪ್ರತಿ ವರ್ಷ ಅಂಕಲಿಯಿಂದ ಎರಡು ಕುದುರೆಗಳು ಹತ್ತು ಹನ್ನೊಂದು ದಿನ ನಡೆದು ಆಳಂದಿಗೆ ಮುಟ್ಟುತ್ತವೆ. ಒಂದರ ಮೇಲೆ ನಿಶಾನೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಮೇಲೆ ಯಾರೂ ಕೂಡುವುದಿಲ್ಲ. ಅದರ ಮೇಲೆ ಸ್ವತಃ ಜ್ಞಾನೇಶ್ವರರು ಇದ್ದಾರೆಂಬುದು ಜನರ ನಂಬಿಕೆ. ಲಕ್ಷಗಟ್ಟಲೆ ಮರಾಠಿ ಜನ ನಡೆಯುವ ಆ ಮೆರವಣಿಗೆಯ ಮುಂಭಾಗದಲ್ಲಿ ಕರ್ನಾಟಕದ ಹುಲ್ಲು ತಿಂದ ಕುದುರೆ ನಡೆಯುತ್ತದೆ ಎಂಬ ಸಂಗತಿಯನ್ನು ನಮ್ಮ ಕಡೆಯ ಮುದುಕರು ಎಷ್ಟು ಅಭಿಮಾನದಿಂದ ಹೇಳುತ್ತಾರೆಂಬುದನ್ನು ಕೇಳಿಯೇ ತಿಳಿಯಬೇಕು. ವಿಠ್ಠಲನನ್ನು ಮರಾಠಿ ಸಂತರೇ ಕನ್ನಡಿಗನೆಂದು ಕರೆದಿರುವಾಗ ಕುದುರೆಯ ಮಾತೇನು ಎಂದು ವಿದ್ವಾಂಸರು ಕೇಳಬಹುದು. ನಮ್ಮ ಕಾಕಾ ವಿದ್ವಾಂಸರಲ್ಲ. ಅವರಿಗೆ ಕುದುರೆಯೇ ದೊಡ್ಡದು. ಹುಡುಗರಾಗಿದ್ದಾಗ ಅವರು ಹಸಿ ಮೇವಿನ ಹೊರೆಯನ್ನು ಹೊತ್ತು ಅಂಕಲಿಗೆ ಹೋಗಿ ಆ ಕುದುರೆಗಳಿಗೆ ತಿನ್ನಿಸಿದ್ದುಂಟು.

ಪುಣೆಯಲ್ಲಿ ಪಾಲಕಿಯು ಭವಾನಿ ಪೇಠೆಯ ವಿಠೋಬಾ ಗುಡಿಯಲ್ಲಿ ಎರಡು ದಿನ ತಂಗುತ್ತದೆ. ಅಲ್ಲಿಂದ ಸಾಸವಡಕ್ಕೆ ಹೋಗುವ ದಿನವೇ ಇಡೀ ದಾರಿಯಲ್ಲಿ ಅತ್ಯಂತ ದೀರ್ಘವಾದ ಹಾದಿ. ಸುಮಾರು 32 ಕಿಲೋಮೀಟರು. ಅದರಲ್ಲಿಯೂ ಕೊನೆಯ ಭಾಗದಲ್ಲಿ ದಿವೇ ಘಾಟನ್ನು ಹತ್ತಬೇಕು. ಅದು ಬರುವುದೂ ಏಕಾದಶಿಯ ದಿನವೇ. ಹಾದಿಯನ್ನು ಗೊತ್ತುಮಾಡಿದ ಹಿರಿಯರು ಇದನ್ನು ಬೇಕೆಂದೇ ಹೀಗೆ ಇಟ್ಟರೋ ಲೆಕ್ಕದಲ್ಲಿ ತಾನಾಗಿ ಹೀಗೆ ಕೂಡಿಬಂದಿತೋ, ನಾನು ಕೇಳಿದವರೆಲ್ಲ ನಕ್ಕು ಸುಮ್ಮನಾದರು.

ಬೆಳಗಿನ ಜಾವ ನಾಲ್ಕು ಗಂಟೆಗೆ ನಾವು ತಂಗಿದ್ದ ಶಾಲೆಯ ಅಂಗಳದಲ್ಲಿ ತಣ್ಣೀರ ಸ್ನಾನವಾಯಿತು. ಕಾಕಾ ಹಣೆಗೆ ಗೋಪೀಚಂದನ, ಅದರ ಮೇಲೆ ಕಪ್ಪು ಬುಕ್ಕಾ ಹಚ್ಚಿಕೊಂಡು, ಧೋತರ ಉಟ್ಟು, ತಲೆಗೆ ಗಾಂಧಿ ಟೊಪ್ಪಿಗೆ ಇಟ್ಟುಕೊಂಡು ಸಿದ್ಧರಾದರು. ನಾನು ಡಬ್ಬಿಯನ್ನು ತೆರೆದು ಮುಂಜಾನೆಯ ಗುಳಿಗೆಯನ್ನು ಅವರ ಕೈಗೆ ಕೊಟ್ಟೆನು.

“ಇವತ್ತ ಏಕಾದಶಿ ತಮ್ಮಾ. ಇವತ್ತ ಗುಳಿಗಿ ಬ್ಯಾಡ.”

“ಏಕಾದಶಿ ಹೊಟ್ಟಿಗೆ ಕಾಕಾ, ರೋಗಕ್ಕಲ್ಲ. ಕಾಕು ನನಗ ಹೇಳಿ ಕಳಿಸ್ಯಾರ. ತಗೊಳ್ರಿ.”

“ಉಪಾಸ ಇದ್ದಾಗ ತಗೋಬಾರದಂತ...”

“ಯಾರ ಹೇಳ್ಯಾರ? ತಗೊಳ್ರಿ ಅಂದ್ರ ತಗೊಳ್ರಿ. ಮೂವತ್ತೆರಡು ಕಿಲೋಮೀಟರ್ ನಡಿಯೂದೈತಿ.”

ನನ್ನ ಆ ದನಿಯನ್ನು ಈ ಸಂಚಿಕೆಯ ಓದುಗರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದರೆ ಅವರು ಬಲ್ಲರು. ಕಾಕಾ ಮರುಮಾತಾಡದೆ ಕೈಯನ್ನು ಬಾಯಿಗೊಯ್ದು ನೀರು ಕುಡಿದರು. ನಾನು ಸಮಾಧಾನದಿಂದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆನು.

ಆರು ಗಂಟೆಯ ಹೊತ್ತಿಗೆ ರಥ ಹೊರಟಿತು. ರಥದ ಮುಂದೆ 27 ದಿಂಡಿಗಳು, ಹಿಂದೆ ಅದಕ್ಕೆ ಎಷ್ಟೋ ಪಟ್ಟು ದಿಂಡಿಗಳು, ಒಂದೊಂದಕ್ಕೂ ತನ್ನ ಸಂಖ್ಯೆ, ತನ್ನ ಸ್ಥಾನ. ಪ್ರತಿಯೊಂದು ದಿಂಡಿಯಲ್ಲಿ ಮೊದಲು ಪತಾಕೆ ಹಿಡಿದವರು, ಆಮೇಲೆ ತಾಳದವರು, ಮೃದಂಗದವನು, ವೀಣೆ ಹೊತ್ತವನು, ಹಿಂದೆ ತಲೆಯ ಮೇಲೆ ತುಳಸಿಯ ಕುಂಡಗಳನ್ನೂ ನೀರಿನ ಕೊಡಗಳನ್ನೂ ಹೊತ್ತ ಹೆಂಗಸರು. ವೀಣೆಯನ್ನು ನೆಲಕ್ಕೆ ಇಡುವಂತಿಲ್ಲ. ಆತನಿಗೆ ದಣಿವಾದರೆ ಇನ್ನೊಬ್ಬನ ಕೊರಳಿಗೆ ದಾಟಿಸಬೇಕು. ನಮ್ಮದು ರಥದ ಹಿಂದೆ ಬಹು ದೂರದಲ್ಲಿದ್ದ ಒಂದು ಸಣ್ಣ ದಿಂಡಿ. ನಮ್ಮ ಗಂಟುಮೂಟೆ, ಅಡುಗೆಯ ಪಾತ್ರೆ, ಕಾಕಾ ಅವರ ಮೊಬೈಲು ಎಲ್ಲವೂ ಲಾರಿಯಲ್ಲಿ ಬೇರೆ ದಾರಿಯಿಂದ ಮುಂದೆ ಹೋದವು. ಮೊಬೈಲನ್ನು ಜೊತೆಗಿಟ್ಟುಕೊಳ್ಳಿರೆಂದು ನಾನು ಹೇಳಿದ್ದಕ್ಕೆ, “ಏಕಾದಶಿ ದಿನಾ ಯಾರ ಫೋನ್ ಮಾಡ್ತಾರ?” ಎಂದು ಅದನ್ನು ತಮ್ಮ ಪೆಟ್ಟಿಗೆಯಲ್ಲಿಯೇ ಬಿಟ್ಟಿದ್ದರು.

ಪುಲಗೇಟಿನಿಂದ ಹಡಪಸರದವರೆಗೆ ಪಟ್ಟಣವೇ ಪಟ್ಟಣ. ಅಲ್ಲಿ ಹೆಚ್ಚಿಗೆ ಬರೆಯುವಂಥದೇನೂ ಇಲ್ಲ. ದಾರಿಯ ಎರಡೂ ಬದಿಗೆ ಜನ ನಿಂತು ಬಾಳೆಯ ಹಣ್ಣು, ಶೇಂಗಾ ಚಿಕ್ಕಿ, ರಾಜಗಿರಿ ಉಂಡೆ, ಸಾಬೂದಾಣೆಯ ಖಿಚಡಿ ಹಂಚುತ್ತಿದ್ದರು. ಚಪ್ಪಲಿ ಹೊಲಿದುಕೊಡುವವರು, ಕಾಲು ಒತ್ತುವವರು, ಪುಕ್ಕಟೆ ಕ್ಷೌರ ಮಾಡುವವರು ಕೂಡ ಇದ್ದರು. ಕಾಕಾ ಒಂದು ತುಣುಕು ಹಣ್ಣನ್ನೂ ಮುಟ್ಟಲಿಲ್ಲ. ನಾನು ಮೂರು ಸಲ ಖಿಚಡಿ ತಿಂದೆನು. ಸುಳ್ಳು ಏಕೆ ಹೇಳಲಿ. ಹಡಪಸರದಲ್ಲಿ ತುಕಾರಾಮರ ಪಾಲಕಿಯು ಸೋಲಾಪುರದ ರಸ್ತೆಯನ್ನು ಹಿಡಿಯುತ್ತದೆ, ಜ್ಞಾನೇಶ್ವರರದು ಬಲಕ್ಕೆ ತಿರುಗಿ ಸಾಸವಡದ ದಾರಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಹೊಲಗಳು ಕಾಣತೊಡಗಿದವು.

ಆ ವರ್ಷ ಮಳೆ ತಡವಾಗಿತ್ತು. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ತುಂತುರು ಹನಿಯುತ್ತದೆ, ಪ್ಲಾಸ್ಟಿಕ್ಕಿನ ಹೊದಿಕೆ ಹೊದ್ದು ನಡೆಯುತ್ತೇವೆ ಎಂದು ದಿಂಡಿಯವರು ಹೇಳಿದರು. ಅಂದು ಹಾಗಿರಲಿಲ್ಲ. ಹರಗಿದ ಹೊಲಗಳು ಬೆಂದ ಇಟ್ಟಂಗಿಯಂತೆ ಒಣಗಿ ಬಿದ್ದಿದ್ದವು. ಡಾಂಬರಿನ ಕಾವು ಚಪ್ಪಲಿಯನ್ನು ದಾಟಿ ಅಂಗಾಲಿಗೆ ತಾಗುತ್ತಿತ್ತು. ನಡೆಯುವವರಲ್ಲಿ ಹೆಚ್ಚಿನವರು ರೈತರು. ಬಿತ್ತಿ ಬಂದವರು ಕಡಿಮೆ, ಬಿತ್ತಲು ಕಾದಿಟ್ಟು ಬಂದವರು ಹೆಚ್ಚು. ಹಾಡಿನ ನಡುವೆ ಬಿಡುವು ಬಂದಾಗಲೆಲ್ಲ ಅವರು ಆಡುತ್ತಿದ್ದುದು ಮುಗಿಲಿನ ಮಾತನ್ನೇ.

ಮಧ್ಯಾಹ್ನ ವಡಕಿಯಲ್ಲಿ, ಘಾಟಿನ ಬುಡದಲ್ಲಿ, ವಿಶ್ರಾಂತಿ. ಒಂದು ಬೇವಿನ ಮರದ ನೆರಳಿನಲ್ಲಿ ಕಾಕಾ ಅವರನ್ನು ಕೂಡಿಸಿ, “ಇಲ್ಲೇ ಕೂಡ್ರಿ, ಏಳಬ್ಯಾಡ್ರಿ” ಎಂದು ಹೇಳಿ, ನಾನು ಬಾಟಲಿ ಹಿಡಿದುಕೊಂಡು ಟ್ಯಾಂಕರಿನ ಪಾಳಿಯಲ್ಲಿ ನಿಂತೆನು. ಪಾಳಿ ದೊಡ್ಡದಿತ್ತು. ನಿಂತಲ್ಲಿಯೇ ಪಕ್ಕದ ಒಬ್ಬ ತರುಣನಿಗೆ ಭೂಗೋಳವನ್ನು ಹೇಳಹತ್ತಿದೆನು. ನಮ್ಮ ಎದುರಿಗೆ ಅಡ್ಡವಾಗಿ ನಿಂತಿರುವ ಈ ಗುಡ್ಡದ ಸಾಲು ಎರಡು ನೀರುಗಳನ್ನು ಬೇರ್ಪಡಿಸುತ್ತದೆ. ಈ ಕಡೆ ಬಿದ್ದ ಹನಿ ಮುಳಾ-ಮುಠೆಗೆ ಹೋಗುತ್ತದೆ, ಆ ಕಡೆ ಬಿದ್ದುದು ಕರ್ಹಾ ನದಿಗೆ ಹೋಗಿ ನೀರಾ ನದಿಯನ್ನು ಸೇರುತ್ತದೆ. ಕಡೆಗೆ ಎರಡೂ ಭೀಮೆಯಲ್ಲಿ ಕೂಡಿ ಪಂಢರಪುರದ ಮುಂದೆಯೇ ಹರಿಯುತ್ತವೆ. ಅಲ್ಲಿಂದ ನಮ್ಮ ಕರ್ನಾಟಕವನ್ನು ಹೊಕ್ಕು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು, ಎಂದರೆ ನಮ್ಮೂರ ನೀರನ್ನು, ಮುಟ್ಟುತ್ತವೆ, ಎಂದು ವಿವರಿಸಿದೆನು. ತರುಣನು ತುಂಬ ವಿನಯದಿಂದ ಕೇಳಿ, “ಮಾವುಲಿ, ನಿಮ್ಮ ಪಾಳಿ ಬಂತು” ಎಂದನು.

ತಿರುಗಿ ಬಂದು ನೋಡಿದರೆ ಬೇವಿನ ಮರದ ಕೆಳಗೆ ಬೇರೆ ಯಾರೋ ಮಲಗಿದ್ದರು. ಕಾಕಾ ಇರಲಿಲ್ಲ.

ಮೊದಲ ಕಾಲು ಗಂಟೆ ನಾನು ಗಾಬರಿಯಾಗಲಿಲ್ಲ. ಬಹಿರ್ದೆಸೆಗೆ ಹೋಗಿರಬಹುದೆಂದು ಕಾದೆನು. ಅರ್ಧ ಗಂಟೆಯಾಯಿತು. ನಮ್ಮ ದಿಂಡಿಯವರನ್ನು ಕೇಳಿದರೆ, ಇಲ್ಲೇ ಇದ್ದರು ಎಂದು ಒಬ್ಬರು, ನಾವು ನೋಡಿಲ್ಲ ಎಂದು ಮತ್ತೊಬ್ಬರು. ಮಲಗಿದ್ದವನನ್ನು ಎಬ್ಬಿಸಿ ಕೇಳಿದೆನು: “ಇಲ್ಲಿ ಒಬ್ಬ ಮುದುಕರು ಕುಳಿತಿದ್ದರಲ್ಲ, ಕಂಡಿರಾ?”

“ಹೇಗಿದ್ದರು ಮಾವುಲಿ?”

“ಬಿಳಿಯ ಧೋತರ, ಬಿಳಿಯ ಅಂಗಿ, ಬಿಳಿಯ ಟೊಪ್ಪಿಗೆ. ಕೊರಳಲ್ಲಿ ತುಳಸಿಮಣಿ. ಹಣೆಗೆ ಬುಕ್ಕಾ.”

ಆತನು ಎದ್ದು ಕುಳಿತು ರಸ್ತೆಯತ್ತ ಕೈ ತೋರಿಸಿದನು. ಕಣ್ಣು ಹಾಯುವವರೆಗೂ ಬಿಳಿಯ ಧೋತರ, ಬಿಳಿಯ ಟೊಪ್ಪಿಗೆ, ತುಳಸಿಮಣಿ, ಬುಕ್ಕಾ. ಹೆಸರು ಹಿಡಿದು ಕೂಗೋಣವೆಂದರೆ ಅಲ್ಲಿ ಎಲ್ಲರಿಗೂ ಒಂದೇ ಹೆಸರು. ಮಾವುಲಿ ಎಂದರೆ ತಾಯಿ. ಜ್ಞಾನೇಶ್ವರರನ್ನು ಹಾಗೆ ಕರೆಯುತ್ತಾರೆ. ದಾರಿಯಲ್ಲಿ ನಡೆಯುವವರೆಲ್ಲ ಪರಸ್ಪರರನ್ನು ಹಾಗೆಯೇ ಕರೆಯುತ್ತಾರೆ. ಜನರನ್ನು ಸರಿಸುವ ಪೋಲೀಸನೂ ಮಾವುಲಿ ಎನ್ನುತ್ತಾನೆ, ನೀರು ಮಾರುವವನೂ ಮಾವುಲಿ ಎನ್ನುತ್ತಾನೆ. ನಾನು ಕನ್ನಡದಲ್ಲಿ “ಕಾಕಾ!” ಎಂದು ಕೂಗಿದೆನು. ಆ ಶಬ್ದವೂ ಮರಾಠಿಯಲ್ಲಿದೆ ಎಂಬುದನ್ನು ಮರೆತಿದ್ದೆನು. ಹತ್ತಾರು ಮುದುಕರು ತಿರುಗಿ ನೋಡಿದರು.

ಆಗ ಗುಳಿಗೆಯ ನೆನಪಾಯಿತು. ಮಾಸ್ತರಿಕೆಯಲ್ಲಿ ಅನ್ಯ ವಿಷಯಗಳನ್ನೂ ಅಷ್ಟಿಷ್ಟು ಓದಿಕೊಂಡವನಾದ ನನಗೆ, ಸಕ್ಕರೆಯನ್ನು ಇಳಿಸುವ ಗುಳಿಗೆಯನ್ನು ನುಂಗಿ ಏನೂ ಉಣ್ಣದೆ ದೇಹವನ್ನು ದಂಡಿಸಿದರೆ ರಕ್ತದ ಸಕ್ಕರೆಯು ಇಳಿಯಬಾರದಷ್ಟು ಇಳಿದು, ಬೆವರು ಬಂದು, ನಡುಕ ಹುಟ್ಟಿ, ಪ್ರಜ್ಞೆ ತಪ್ಪಬಹುದೆಂಬುದು ತಿಳಿಯದ ಸಂಗತಿಯೇನಲ್ಲ. ಮುಂಜಾನೆ ಕಾಕಾ ಅದನ್ನೇ ಹೇಳಹೊರಟಿದ್ದರು. ಊರಿನ ಡಾಕ್ಟರರೇ ಅವರಿಗೆ ಅದನ್ನು ಹೇಳಿರಬೇಕು. ನಾನು ಅವರ ಮಾತನ್ನು ಮುಗಿಸಲು ಬಿಟ್ಟಿರಲಿಲ್ಲ. ಅವರ ಉಪವಾಸವನ್ನು ಹಠವೆಂದು ತಿಳಿದೆನು. ನನ್ನ ಹಠ ನನಗೆ ಕಾಳಜಿಯಾಗಿ ತೋರಿತ್ತು. ಬೆಲ್ಲದ ತುಣುಕು, ನೀರಿನ ಬಾಟಲಿ, ಗುಳಿಗೆಯ ಡಬ್ಬಿ ಎಲ್ಲವೂ ನನ್ನ ಹೆಗಲಿನ ಚೀಲದಲ್ಲಿಯೇ ಇದ್ದವು. ಅವರ ಹತ್ತಿರ ಒಂದು ಜೊತೆ ತಾಳಗಳ ಹೊರತು ಏನೂ ಇರಲಿಲ್ಲ.

ಎಪ್ಪತ್ತೈದು ವರ್ಷದ ಮುದುಕರು, ಉಪವಾಸ, ಇಂಥ ಬಿಸಿಲು: ದಣಿದು ಹಿಂದೆ ಉಳಿದಿರಬೇಕು, ಎಲ್ಲಿಯೋ ದಾರಿಯ ಬದಿಗೆ ಬಿದ್ದಿರಬೇಕು ಎಂದು ತರ್ಕಿಸಿ ನಾನು ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ನಡೆದೆನು. ಪ್ರವಾಹಕ್ಕೆ ಎದುರಾಗಿ ನಡೆಯುವ ಆ ಕಷ್ಟವನ್ನು ಏನೆಂದು ಬರೆಯಲಿ! ಎದುರಿಗೆ ಬಂದವರೆಲ್ಲ ಬಾಗಿ ನನ್ನ ಕಾಲು ಮುಟ್ಟುತ್ತಿದ್ದರು. ನಾನೂ ಬಾಗಿ ಅವರ ಕಾಲು ಮುಟ್ಟಬೇಕು. ಅದು ಅಲ್ಲಿಯ ರೀತಿ. ದಾರಿಯುದ್ದಕ್ಕೂ ಇದ್ದ ಆಂಬುಲೆನ್ಸುಗಳ ಒಳಗೆ ಇಣಿಕಿ ನೋಡಿದೆನು. ಒಂದರಲ್ಲಿ ಬಿಳಿಯ ಧೋತರದ ಮುದುಕರೊಬ್ಬರು ಕಣ್ಣು ಮುಚ್ಚಿ ಮಲಗಿದ್ದರು, ಕೈಗೆ ಸಲಾಯಿನ್ ಹಚ್ಚಿದ್ದರು. ಹತ್ತಿರ ಹೋಗಿ ಮುಖವನ್ನು ನೋಡುವವರೆಗಿನ ಆ ಕ್ಷಣವನ್ನು ನಾನು ಈಗಲೂ ಮರೆತಿಲ್ಲ. ಅವರು ಬೇರೆಯವರಾಗಿದ್ದರು. ಅವರು ಬೇರೆಯವರೆಂದು ನನಗೆ ಸಂತೋಷವಾಯಿತು. ಹಾಗೆ ಸಂತೋಷವಾದುದಕ್ಕೆ ನಾಚಿಕೆಯೂ ಆಯಿತು.

ಒಂದೂವರೆ ತಾಸು ಹೀಗೆ ಕಳೆದು ಮತ್ತೆ ವಡಕಿಗೆ ಬರುವಷ್ಟರಲ್ಲಿ ರಥ ಘಾಟನ್ನು ಹತ್ತತೊಡಗಿತ್ತು. ಏರು ಹೆಚ್ಚಾದುದರಿಂದ ಅಲ್ಲಿ ರಥದ ಜೋಡಿಯ ಜೊತೆಗೆ ಇನ್ನೂ ಹಲವು ಜೋಡಿ ಎತ್ತುಗಳನ್ನು ಹೂಡುತ್ತಾರೆ. ಅವುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ. ಗಾಡಿಯವರ ಕೂಗು ಗುಡ್ಡಕ್ಕೆ ತಾಗಿ ಮರಳಿ ಬರುತ್ತಿತ್ತು. ಕೆಳಗೆ ಮಸ್ತಾನಿಯ ಕೆರೆ ಎಂದು ಹೆಸರಾದ ಹಳೆಯ ಕಲ್ಲು ಕಟ್ಟಿನ ಕೆರೆ ಕಾಣುತ್ತದೆ. ನೋಡಲು ಯೋಗ್ಯವಾದ ಸ್ಥಳವೆಂದು ಪುಸ್ತಕದಲ್ಲಿ ಗುರುತು ಮಾಡಿಕೊಂಡು ಹೋಗಿದ್ದೆನು. ಅಂದು ಅದರ ಕಡೆಗೆ ನನ್ನ ಕಣ್ಣು ಹೊರಳಲಿಲ್ಲ.

ಘಾಟಿನ ಪ್ರತಿಯೊಂದು ತಿರುವಿನಲ್ಲಿಯೂ ನಾನು ನಿಂತು ಹಿಂದಕ್ಕೆ ನೋಡುತ್ತಿದ್ದೆನು. ಚಿತ್ರ ತೆಗೆಯುವವರು ದೂರ ದೂರದಿಂದ ಬಂದು ಆ ಬಂಡೆಗಳ ಮೇಲೆ ಕುಳಿತಿರುತ್ತಾರೆ. ಅಲ್ಲಿಂದ ಕಾಣುವ ನೋಟ ಅಂಥದು. ಸುತ್ತಿ ಸುತ್ತಿ ಏರುವ ರಸ್ತೆಯಲ್ಲಿ ಒಂದು ಅಂಗುಲದಷ್ಟೂ ಡಾಂಬರು ಕಾಣುವುದಿಲ್ಲ. ಬಿಳಿಯ ಟೊಪ್ಪಿಗೆಗಳ ನದಿಯೊಂದು ತಗ್ಗಿನಿಂದ ಏರಿಗೆ ಹರಿಯುತ್ತಿರುವಂತೆ, ಅದರ ಮೇಲೆ ಕಾವಿಯ ಪತಾಕೆಗಳು ತೇಲುತ್ತಿರುವಂತೆ. ತಾಳಗಳ ಸದ್ದು ಕೆಳಗಿನ ತಿರುವಿನದು ಮೇಲಿನ ತಿರುವಿನದಕ್ಕೆ ಹೊಂದದೆ, ಗುಡ್ಡವೇ ಗುಣುಗುಟ್ಟುತ್ತಿರುವಂತೆ ಕೇಳುತ್ತದೆ. ನಾನು ಆ ನದಿಯಲ್ಲಿ ಒಂದು ಹನಿಯನ್ನು ಹುಡುಕುತ್ತಿದ್ದೆನು. ನೀರಿನ ಕೊಡ ಹೊತ್ತ ಮುದುಕಿಯೊಬ್ಬಳು ನನ್ನ ಮೋರೆಯನ್ನು ನೋಡಿ ನಿಂತಳು. ನನ್ನದೇ ಅರೆಬರೆ ಮರಾಠಿಯಲ್ಲಿ ವಿಷಯವನ್ನು ಹೇಳಿದೆನು. ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು, ಎಷ್ಟು ವರ್ಷದಿಂದ ಬರುತ್ತಿದ್ದಾರೆ ಎಂದು ಕೇಳಿದಳು. ಮೂವತ್ತಕ್ಕೂ ಹೆಚ್ಚು ಎಂದೆನು. ನೀವು? ಇದೇ ಮೊದಲು ಎಂದೆನು. ಆಕೆ ಏನೂ ಅನ್ನಲಿಲ್ಲ. ನನ್ನ ಲೋಟಕ್ಕೆ ನೀರು ಹಾಕಿ ಮುಂದೆ ನಡೆದಳು.

ಸಮಾಜಶಾಸ್ತ್ರದ ವಿದುಷಿ ಇರಾವತಿ ಕರ್ವೆಯವರು ಈ ದಾರಿಯಲ್ಲಿ ನಡೆದು ಮರಾಠಿಯಲ್ಲಿ ಬರೆದ ಪ್ರಬಂಧವೊಂದು ಪ್ರಸಿದ್ಧವಾಗಿದೆ. ಹೊರಡುವ ಮೊದಲು ನಾನು ಅದನ್ನು ಓದಿದ್ದೆನು. ದಿನವಿಡೀ ಒಟ್ಟಿಗೆ ಹಾಡುತ್ತ ನಡೆದವರು ಊಟದ ಹೊತ್ತಿಗೆ ಜಾತಿಯಂತೆ ಬೇರೆ ಬೇರೆ ಕೂಡುವುದನ್ನು ಕಂಡು ಅವರು ನೊಂದಿದ್ದಾರೆ. ಈಗ ಆ ಕಟ್ಟು ಬಹಳ ಸಡಿಲಾಗಿದೆ. ಆದರೂ ದಿಂಡಿಗೊಂದು ಒಲೆ, ಊರಿಗೊಂದು ಪಂಕ್ತಿ. ಘಾಟಿನ ಮೇಲಿನ ಝೇಂಡೆವಾಡಿಯಲ್ಲಿ ದಣಿದು ಕುಳಿತಾಗ, ಏಕೋ ನನಗೆ ನಮ್ಮ ಪ್ರಸಾದ ನಿಲಯದ ಮೊದಲ ರಾತ್ರಿ ನೆನಪಾಯಿತು. 1971ರಲ್ಲಿ, ಹತ್ತು ವರ್ಷದವನಾಗಿ, ಕೊರಳಲ್ಲಿ ತುಳಸಿಮಣಿ ಹಾಕಿಕೊಂಡು ಶ್ರೀಮಠದ ಪಂಕ್ತಿಯಲ್ಲಿ ಕುಳಿತಿದ್ದೆನು. ಸುತ್ತ ಇದ್ದ ಹುಡುಗರ ಕೊರಳಲ್ಲಿ ಲಿಂಗದ ಕರಡಿಗೆ. ನನ್ನ ಮಣಿಯನ್ನು ತೆಗೆಯಿಸುತ್ತಾರೆಂದು ಹೆದರಿ ಅಂಗಿಯ ಗುಂಡಿಯನ್ನು ಕೊರಳವರೆಗೆ ಹಾಕಿಕೊಂಡಿದ್ದೆನು. ಬಡಿಸುತ್ತ ಬಂದ ಹಿರಿಯರು ನನ್ನ ಮುಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆ: “ಕೈ ತೊಳಕೊಂಡಿ ಇಲ್ಲೋ?” ಎಂಟು ವರ್ಷ ಆ ಪಂಕ್ತಿಯಲ್ಲಿ ಉಂಡೆನು, ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನನ್ನನ್ನು ಅಲ್ಲಿಗೆ ಕರೆತಂದು ಬಿಟ್ಟವರು ತಂದೆಯಲ್ಲ, ಇದೇ ಕಾಕಾ. ಅಂದು ಅವರು ಇಪ್ಪತ್ಮೂರು ವರ್ಷದ ತರುಣರು. ಬಸ್ಸಿಗೆ ದುಡ್ಡಿಲ್ಲದೆ, ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು, ನನ್ನನ್ನು ಮುಂದೆ ಬಿಟ್ಟುಕೊಂಡು ನಡೆದಿದ್ದರು. ದಾರಿಯಲ್ಲಿ ನಾನು ತಿರುಗಿ ತಿರುಗಿ ನೋಡುತ್ತಿದ್ದರೆ, “ನೀ ಮುಂದ ನೋಡಿ ನಡಿ, ನಾ ಹಿಂದ ಅದೀನಿ” ಎನ್ನುತ್ತಿದ್ದರು. ಅವರನ್ನು ನಾನು ಕಳೆದಿದ್ದೆನು.

ಸಾಸವಡವನ್ನು ಮುಟ್ಟಿದಾಗ ಸಂಜೆಗತ್ತಲೆ. ಕರ್ಹಾ ನದಿಯ ದಂಡೆಯ ಮೇಲಿನ ಈ ಊರಿನಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯಿದೆ. ಅಂಜೂರಕ್ಕೂ ಸೀತಾಫಲಕ್ಕೂ ಹೆಸರಾದ ಸೀಮೆ. ದೂರದಲ್ಲಿ ಪುರಂದರಗಡದ ಗುಡ್ಡ. ಪುರಂದರದಾಸರ ಜನ್ಮಸ್ಥಳ ಅದೇ ಎಂದು ಬಹುಕಾಲ ನಂಬಿಕೆಯಿತ್ತು. ಅಲ್ಲ, ಮಲೆನಾಡಿನ ಕ್ಷೇಮಪುರವೆಂಬ ವಾದವೂ ಇದೆ. ಈ ಚರ್ಚೆಯನ್ನು ಕಾಕಾ ಅವರಿಗೆ ಅಲ್ಲಿಯೇ ವಿವರಿಸಬೇಕೆಂದು ಇದ್ದೆನು.

ಪಾಲಕಿಯ ತಳದ ಮೈದಾನದ ಬದಿಗೆ ತಪ್ಪಿಸಿಕೊಂಡವರಿಗಾಗಿ ಒಂದು ಮಂಟಪ ಹಾಕಿ ಧ್ವನಿವರ್ಧಕವನ್ನು ಕಟ್ಟಿದ್ದರು. ದೂರು ಕೊಡಲೆಂದು ಆ ಕಡೆಗೆ ಹೆಜ್ಜೆ ಹಾಕುತ್ತಿದ್ದೆನು. ಕಾಕುವಿಗೆ ಏನೆಂದು ಫೋನು ಮಾಡಲಿ ಎಂಬ ಮಾತನ್ನು ಮನಸ್ಸಿನಲ್ಲಿಯೇ ಕೂಡಿಸುತ್ತಿದ್ದೆನು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಮರಾಠಿಯ ಪ್ರಕಟಣೆ ಕೇಳಿಬಂದಿತು. ಕರ್ನಾಟಕದ ಚಿಕ್ಕೋಡಿ ತಾಲೂಕಿನ ವಯಸ್ಸಾದ ಗುರುಜಿಯೊಬ್ಬರು ವಡಕಿಯಿಂದ ತಪ್ಪಿಸಿಕೊಂಡಿದ್ದಾರೆ, ಕನ್ನಡಕವಿದೆ, ಕೈಯಲ್ಲಿ ಕಪ್ಪು ಕೊಡೆ, ಹೆಗಲಲ್ಲಿ ನೀಲಿ ಚೀಲ, ಮರಾಠಿ ಸರಿಯಾಗಿ ಬರುವುದಿಲ್ಲ, ಮೊದಲ ಸಲ ಬಂದಿದ್ದಾರೆ, ದಾರಿ ಗೊತ್ತಿಲ್ಲ, ಕಂಡವರು ದಯಮಾಡಿ ಕರೆತಂದು ಒಪ್ಪಿಸಬೇಕು.

ಪಾಪ, ನನ್ನ ಹಾಗೆಯೇ ಯಾರೋ ಎಂದುಕೊಂಡೆನು. ಎರಡನೆಯ ಸಲ ಪ್ರಕಟಣೆ ಬಂದಾಗ ನನ್ನ ಕೈಯಲ್ಲಿಯ ಕೊಡೆಯನ್ನು ನೋಡಿಕೊಂಡೆನು.

ಮಂಟಪದ ಮುಂದಿನ ಬೆಂಚಿನ ಮೇಲೆ ಕಾಕಾ ಕಾಲು ಮಡಿಚಿಕೊಂಡು ಕುಳಿತಿದ್ದರು. ನನ್ನನ್ನು ಕಂಡೊಡನೆ ಎದ್ದು ಪೋಲೀಸನಿಗೆ, “ಸಿಕ್ಕ, ಸಿಕ್ಕ” ಎಂದು ಹೇಳಿ, ನನ್ನ ಕಡೆಗೆ ತಿರುಗಿದರು.

“ಎಲ್ಲಿ ಹ್ವಾದಿಯೋ ತಮ್ಮಾ? ಎಷ್ಟೊತ್ತಾತು ನಾ ಬಂದು! ಜೀವ ಹಾರಿ ಹೋಗಿತ್ತಲ್ಲೋ.”

“ಕಾಕಾ, ನಿಮಗ ಕೂಡ್ರಿ ಅಂದಿದ್ದೆ...”

“ಕುದುರಿ ಘಾಟ ಹತ್ತತಾವು ಅಂದ್ರು. ನೋಡಲಿಕ್ಕೆ ಮುಂದ ಹ್ವಾದೆ. ಮರದ ಕೆಳಗಿದ್ದವಗ ಹೇಳಿ ಹೋಗಿದ್ನೆಲ್ಲ, ಮಾಸ್ತರ ಬಂದ್ರ ಮುಂದ ಬಾ ಅನ್ನು ಅಂತ. ನೀ ಮುಂದ ಬರಲೇ ಇಲ್ಲ.”

ನಾನು ನಾಲ್ಕು ತಾಸು ಹಿಂದೆ ಹುಡುಕಿದ್ದೆನು. ಅವರು ನನಗಿಂತ ಎರಡು ತಾಸು ಮುಂದಿದ್ದರು. ಇಪ್ಪತ್ತೇಳು ದಿಂಡಿಗಳನ್ನು ದಾಟಿ ಹೋಗಿ, ಅಂಕಲಿಯ ಕುದುರೆಯ ಕೊರಳನ್ನು ಮುಟ್ಟಿ ನಮಸ್ಕರಿಸಿ, ಅದರ ಹಿಂದೆಯೇ ಘಾಟನ್ನು ಹತ್ತಿ, ಬಿಸಿಲಿಳಿಯುವ ಮೊದಲೇ ಸಾಸವಡವನ್ನು ಸೇರಿದ್ದರು. ಮರದ ಕೆಳಗಿನವನಿಗೆ ಹೇಳಿ ಹೋದದ್ದು ನಿಜವೇ ಇರಬೇಕು. ಅವನು ಎದ್ದು ಹೋಗಿ ಆ ಜಾಗಕ್ಕೆ ಬೇರೊಬ್ಬನು ಬಂದು ಮಲಗಿದ್ದನು.

ಮೈದಾನದಲ್ಲಿ ಆಗಲೇ ಸಮಾಜ ಆರತಿಗೆ ದಿಂಡಿಗಳು ನೆರೆದಿದ್ದವು. ನಾನು ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆನು. ಸಾವಿರಾರು ತಾಳಗಳ ಗದ್ದಲ. ಚೋಪದಾರನು ತನ್ನ ದಂಡವನ್ನು ಮೇಲೆತ್ತಿದನು. ಅಷ್ಟು ದೊಡ್ಡ ಸದ್ದು ಒಮ್ಮೆಲೆ ನಿಂತು ಹೋಯಿತು. ಶಾಲೆಯ ಗಂಟೆಗೂ ಅಷ್ಟು ಬೇಗ ಮೌನ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಎಡಗಡೆಯ ಮೂಲೆಯಲ್ಲಿ ಒಂದು ದಿಂಡಿಯ ತಾಳಗಳು ಮಾತ್ರ ಬಿಡದೆ ಬಡಿಯುತ್ತಿದ್ದವು. ಇವರಿಗೆ ಶಿಸ್ತಿಲ್ಲವೇ ಎಂದೆನು. ಕಾಕಾ ನನ್ನ ತೊಡೆಯ ಮೇಲೆ ಕೈಯಿಟ್ಟು, ಅದು ತಕರಾರಿನ ಗುರುತು ಎಂದರು. ಯಾವ ದಿಂಡಿಗೆ ಅನ್ಯಾಯವಾಗಿದೆಯೋ ಅದು ದಂಡ ಎತ್ತಿದ ಮೇಲೂ ತಾಳವನ್ನು ನಿಲ್ಲಿಸುವುದಿಲ್ಲ. ಚೋಪದಾರನು ತಾನೇ ಅಲ್ಲಿಗೆ ನಡೆದು ಹೋಗಿ ಕೇಳಬೇಕು. ಸಮಾಧಾನವಾದ ಮೇಲೆಯೇ ಅವರು ನಿಲ್ಲಿಸುತ್ತಾರೆ. ಅವರು ನಿಲ್ಲಿಸಿದ ಮೇಲೆಯೇ ಆರತಿ. ಅಂದು ಚೋಪದಾರನು ಹೋದನು. ನೀರಿನ ವಿಷಯವೋ ಜಾಗದ ವಿಷಯವೋ ನನಗೆ ತಿಳಿಯಲಿಲ್ಲ. ಲಕ್ಷ ಜನ ಆ ಒಂದು ಮೂಲೆಯ ತಾಳವನ್ನು ಕೇಳುತ್ತ ಸುಮ್ಮನೆ ಕಾದರು. ಸ್ವಲ್ಪ ಹೊತ್ತಿಗೆ ಅದು ನಿಂತಿತು.

ಆಮೇಲೆ ಕಳೆದುಹೋದ, ಸಿಕ್ಕಿದ ವಸ್ತುಗಳ ಯಾದಿಯನ್ನು ಕೂಗಿ ಹೇಳಿದರು. ಕನ್ನಡಕ, ಬೀಗದ ಕೈ, ಒಂದು ಬೆಳ್ಳಿಯ ಉಂಗುರ, ಹಣವಿದ್ದ ಕೈಚೀಲ. ಸಿಕ್ಕವರು ಒಬ್ಬೊಬ್ಬರಾಗಿ ತಂದು ಒಪ್ಪಿಸುತ್ತಿದ್ದರು. ಆರತಿಯಾಯಿತು.

ಬಿಡಾರಕ್ಕೆ ಬಂದು ಕಾಕಾ ಅವರ ಕಾಲನ್ನು ಬಿಸಿನೀರಿನಲ್ಲಿ ಇರಿಸಿದೆನು. ಅವರ ಅಂಗಾಲಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ನನ್ನವು ಎರಡೂ ಹರಿದುಹೋಗಿದ್ದವು. ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಧೈರ್ಯ ಮಾಡಿ ಹೇಳಿದೆನು:

“ಕಾಕಾ, ಮುಂಜಾನೆ ನಾ ಗುಳಿಗಿ ನುಂಗಸಬಾರದಾಗಿತ್ತು. ತಪ್ಪಾತು. ತಲಿ ತಿರುಗಲಿಲ್ಲೇನು ನಿಮಗ? ಕೈಕಾಲು ನಡಗಲಿಲ್ಲೇನು?”

ಕಾಕಾ ಉತ್ತರ ಕೊಡದೆ ಅಂಗಿಯ ಒಳಕಿಸೆಯಲ್ಲಿ ಬೆರಳು ಹಾಕಿ ತಡಕಾಡಿದರು. ಬುಕ್ಕಾದ ಪುಡಿ ಹತ್ತಿ ಕಪ್ಪಾಗಿದ್ದ ಗುಳಿಗೆಯನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

“ನೀ ಸಿಟ್ಟಿಗೆದ್ದಿದ್ದಿ. ಕೈಯಾಗ ಮುಚ್ಚಿಟ್ಕೊಂಡು ಬರೇ ನೀರ ಕುಡದೆ” ಎಂದರು. “ನಾಳೆ ದ್ವಾದಶಿ. ಪಾರಣಿ ಆದ ಮ್ಯಾಲೆ ನೆನಪ ಮಾಡಿ ಕೊಡು. ಈಗ ನಿನ್ನ ಕಾಲ ಇತ್ತಲಾಗ ತಾ, ನೋಡೂಣು.”

ಮೂವತ್ತಾರು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಹುಡುಗರ ಕೈಗಳನ್ನು ಕಾಯ್ದವನು ನಾನು. ಗುಳಿಗೆಯನ್ನು ಅಂಗಿಯ ತುದಿಯಿಂದ ಒರೆಸಿ ಡಬ್ಬಿಗೆ ಹಾಕಿದೆನು. ಕಾಲನ್ನು ಅವರ ಕಡೆಗೆ ಚಾಚಿದೆನು.